ಲಾರಿಗೆ ಓಟುಂಟಾ?

ನವಿ ಮುಂಬಯಿಯ ತುರ್ಭೆಯಲ್ಲಿ ಎಪಿಎಂಸಿ ಮಾರುಕಟ್ಟೆ ಎದುರು ಶೆಟ್ರ ಹೋಟೆಲು. ಹಮಾಲ ಬಸಣ್ಣನಿಗೆ ಚಹಾದ ಜತೆ ರಾಜಕಾರಣವೂ ಬೇಕು.

"2024ರ ಅಕ್ಟೋಬರ್ 14ರ ನಡುರಾತ್ರಿ ವಾಶಿ ನಾಕಾದಾಗ ಕಾರಿನ ಟೋಲ್ ಮಾಫ್. ಮರುದಿನಾನೇ ವಿಧಾನಸಭಾ ಚುನಾವಣಾ ಘೋಷಣೆ! ಹೆಂಗ್ ಕೂಡಿ ಬಂತ್ರಿ?"

"ಮುಹೂರ್ತ ಮಾರಾಯ."

"ಲಾರಿಗ್ಯಾಕ ಮಾಫಿಲ್ಲ?"

"ಲಾರಿಗೆ ಓಟುಂಟಾ?"

"ಉಳ್ಳಾಗಡ್ಡಿಗೆ ಐತೇನ್ರಿ? ಸೆಪ್ಟೆಂಬರ್ 13ಕ್ಕ ಅದರ ರಫ್ತು ಸುಂಕ 40ರಿಂದ 20 ಪರ್ಸೆಂಟಿಗೆ ಇಳೀತು!"

ಶೆಟ್ರು ಚಿಲ್ಲರೆ ಎಣಿಸತೊಡಗಿದರು.

"ನಮ್ಮಾಕಿಗೆ 'ಲಾಡ್ಕಿ ಬಹೀಣ್', ಅಂದ್ರ ಮುದ್ದಿನ ತಂಗಿ ಅಂತ ಸರಕಾರದಿಂದ ತಿಂಗಳಾ 1500 ಬರ್ತೈತಿ. ಇಷ್ಟು ಮಂದಿ ಅಣ್ಣಂದಿರು ಅದಾರಂತ ಮದುವಿ ದಿನ ಯಾರೂ ಹೇಳಲಿಲ್ರಿ!"

"2100 ಮಾಡ್ತೇವೆ ಅಂದಿದ್ರಲ್ಲ?"

"ಅದನ್ನ ನಂಬೇ ನಿಮ್ಮಲ್ಲಿ ಉದ್ರಿ ಬರೆಸೀನ್ರಿ."

ನವೆಂಬರ್ 20ಕ್ಕೆ ಮತದಾನ ಮುಗಿಯಿತು. 2025ರ ಮಾರ್ಚ್ ಬಜೆಟ್ಟಿನಲ್ಲಿ 2100 ಬರಲಿಲ್ಲ.