ಬೆಟ್ಟ ಹತ್ತಿದ ಭಾವ

ನಮ್ಮ ಭಾವನವರಿಗೆ ಬದುಕು ಬೇಜಾರಾಗಿಬಿಟ್ಟಿತ್ತು. ಆಗದೆ ಇನ್ನೇನು? ಆರೂವರೆಗೆ ಹಾಲು, ಏಳಕ್ಕೆ ಪೇಪರು, ಎಂಟಕ್ಕೆ ಉಪ್ಪಿಟ್ಟು, ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್ಲು. ಅಲ್ಲಿ ನಿಂತೂ ನಿಂತೂ ಒಂದು ದಿನ ಜ್ಞಾನೋದಯವಾಯಿತು. ಬುದ್ಧನಿಗೆ ಬೋಧಿವೃಕ್ಷ, ಬೆಂಗಳೂರಿನವರಿಗೆ ಸಿಲ್ಕ್ ಬೋರ್ಡ್. ಮನೆಗೆ ಬಂದವರೇ ಘೋಷಿಸಿದರು: “ಜೀವನದಲ್ಲಿ ಒಂದಾದರೂ ಸಾಹಸ ಮಾಡಬೇಕು!”

“ಸಾಹಸ ತಾನೇ? ಅಟ್ಟದ ಮೇಲಿನ ಟ್ರಂಕು ಇಳಿಸಿಕೊಡಿ. ಜಿರಲೆ ಇವೆ, ಹುಷಾರು” ಅಂದಳು ಅಕ್ಕ.

ಅದು ಭಾವನ ಲೆಕ್ಕಕ್ಕೆ ಬರಲಿಲ್ಲ. ಟ್ರಂಕು ಇಳಿಸಿದವರಿಗೆ ಯಾರು ಲೈಕ್ ಕೊಡುತ್ತಾರೆ? ಅವರು ಆರಿಸಿಕೊಂಡದ್ದು 1712 ಮೀಟರ್ ಎತ್ತರದ ಕುಮಾರಪರ್ವತ. ಕೂಡಲೇ ಶೂ ಬಂತು, ಟೋಪಿ ಬಂತು, ದುಡ್ಡು ಕೊಟ್ಟು ಒಂದು ಕೋಲೂ ಬಂತು. ಕಾಡಿಗೆ ಹೋಗುವವರು ಪೇಟೆಯಲ್ಲಿ ಕೋಲು ಕೊಳ್ಳುವ ಕಾಲ ಇದು, ಇರಲಿ. ಆಮೇಲೆ ಟ್ರೆಕ್ಕಿಂಗ್ ಕಂಪನಿಯವರ ವಾಟ್ಸಾಪ್ ಗುಂಪಿನಲ್ಲಿ ವೇಳಾಪಟ್ಟಿ ಬಂತು: ರಾತ್ರಿ ಹತ್ತಕ್ಕೆ ಬಸ್ಸು, ಬೆಳಿಗ್ಗೆ ಆರಕ್ಕೆ ಕುಕ್ಕೆಯಲ್ಲಿ ಇಡ್ಲಿ, ಆರೂವರೆಗೆ ನಡಿಗೆ, ಶಿಖರದ ಮೇಲೆ ಫೋಟೊಗೆ ಅರ್ಧ ಗಂಟೆ. ಆಫೀಸಿನಲ್ಲಾದರೆ ಹತ್ತು ನಿಮಿಷ ತಡವಾದರೂ ನಡೆಯುತ್ತಿತ್ತು, ಇಲ್ಲಿ ಅದೂ ಇಲ್ಲ.

ಇನ್ನು ಏಕಾಂತ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ಬೆಟ್ಟಕ್ಕೆ ಎಷ್ಟು ಜನ ನುಗ್ಗಿದರೆಂದರೆ, ಏಕಾಂತ ಹುಡುಕಿ ಬಂದವರೆಲ್ಲ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಸಾಲಿನಲ್ಲಿ ನಿಂತರು. ಆ ಫೋಟೊಗಳು ಊರೆಲ್ಲ ಹರಿದಾಡಿ, ಸರ್ಕಾರ ಕಣ್ಣುಬಿಟ್ಟು, ಆನ್‌ಲೈನ್ ಬುಕಿಂಗ್ ತಂತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಒಳ್ಳೆಯದೇ ಆಯಿತು ಅನ್ನಿ. ಆದರೆ ಆಫೀಸಿನ ಗೇಟಿನಲ್ಲಿ ಕಾರ್ಡು ತೋರಿಸಿ ಬೇಸತ್ತ ಭಾವನವರು ಕಾಡಿನ ಚೆಕ್‌ಪೋಸ್ಟಿನಲ್ಲೂ ಗುರುತಿನ ಚೀಟಿ ತೋರಿಸಿಯೇ ಒಳಗೆ ಹೋದರು. ಅಲ್ಲಿನ ಗಾರ್ಡಿಗೋ ಇದೇ ಬೆಟ್ಟ, ಇದೇ ಮುಖಗಳು ನೋಡಿ ಸಾಕಾಗಿದೆ. ರಜೆ ಸಿಕ್ಕರೆ ಬೆಂಗಳೂರಿಗೆ ಬಂದು ಮೆಟ್ರೊ ಹತ್ತಬೇಕಂತೆ!

ಅರ್ಧ ದಾರಿಯ ಭಟ್ಟರ ಮನೆ ಚಾರಣಿಗರಿಗೆಲ್ಲ ಗೊತ್ತು. ಏದುಸಿರು ಬಿಡುತ್ತ ಬಂದವರಿಗೆ ಅಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಅಲ್ಲಿ ಕೂತು ಭಾವ ಕೇಳಿದ ಮೊದಲ ಪ್ರಶ್ನೆ: “ಸಕ್ಕರೆ ಕಮ್ಮಿ ಹಾಕಿ ಒಂದು ಸ್ಟ್ರಾಂಗ್ ಕಾಫಿ ಸಿಗುತ್ತಾ?” ಎರಡನೆಯದು: “ನೆಟ್‌ವರ್ಕ್ ಎಲ್ಲಿ ಬರುತ್ತೆ?” ಬೇಜಾರು ತಂದ ದಿನಚರಿಯನ್ನು ಬೆನ್ನುಚೀಲದಲ್ಲಿ ಮಡಚಿಟ್ಟುಕೊಂಡೇ ಬೆಟ್ಟ ಹತ್ತಿದ್ದರು ಪುಣ್ಯಾತ್ಮ.

ಇಷ್ಟರಲ್ಲಿ ಒಂದು ಜಿಗಣೆ ಭಾವನ ಕಾಲ್ಚೀಲದೊಳಗೆ ಸೇರಿ ತನ್ನ ಪಾಡಿಗೆ ಊಟ ಮುಗಿಸಿತು. ಜಿಗಣೆ ಕಚ್ಚಿದರೆ ನೋಯುವುದಿಲ್ಲ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ, ಅದು ಉದುರಿದ ಮೇಲೂ ಸೋರುತ್ತಲೇ ಇರುತ್ತದೆ. ಶೂ ಬಿಚ್ಚಿ ಕೆಂಪು ಕಂಡ ಭಾವ ಹಾಕಿದ ಕೂಗಿಗೆ ಗುಂಪಿಗೆ ಗುಂಪೇ ಓಡಿಬಂತು. ಯಾರೋ ಉಪ್ಪು ಕೊಟ್ಟರು, ಇನ್ಯಾರೋ ಸುಣ್ಣ. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ವೇಳಾಪಟ್ಟಿಗೆ ಸೇರದೆ ಬಂದ ಅತಿಥಿ ಅದೊಂದೇ. ಅಂದರೆ ಭಾವನವರ ಸಾಹಸವೆಲ್ಲ ಆ ಜಿಗಣೆಯದು. ಈಗ ಮನೆಗೆ ಬಂದವರಿಗೆಲ್ಲ ಅವರು ಹೇಳುವುದೂ ಶಿಖರದ ಕಥೆಯಲ್ಲ, ಜಿಗಣೆಯ ಕಥೆ. ಟ್ರಂಕು ಇನ್ನೂ ಅಟ್ಟದ ಮೇಲೇ ಇದೆ.

ನೀವೂ ಹೋಗುವುದಾದರೆ ಖಂಡಿತ ಹೋಗಿ. ಮೊದಲೇ ಬುಕಿಂಗ್ ಮಾಡಿಸಿ, ಮಳೆಗಾಲದಲ್ಲಿ ಬಿಡುವುದಿಲ್ಲ. ನೀರಿನ ಬಾಟಲಿ ವಾಪಸ್ ತನ್ನಿ. ಫೋಟೊ ಮಾತ್ರ ನನಗೆ ಕಳಿಸಬೇಡಿ ಮಾರಾಯ್ರೆ, ನನ್ನ ಫೋನಿನಲ್ಲಿ ಜಾಗವಿಲ್ಲ; ಅದರ ತುಂಬ ಭಾವನೇ ಕೂತಿದ್ದಾರೆ.