ಜಪಾನಿನಲ್ಲಿ ಜೋಡಿ ಪ್ರವಾಸ

ಗಂಡಂದಿರ ನೆಮ್ಮದಿಗೆ ಜಪಾನಿನಷ್ಟು ಪ್ರಶಸ್ತ ದೇಶ ಇನ್ನೊಂದಿಲ್ಲ. ಟೋಕಿಯೊದ ರೈಲಿನಲ್ಲಿ ಗಟ್ಟಿಯಾಗಿ ಮಾತಾಡುವುದೇ ಅಸಭ್ಯತೆ. ನಮ್ಮವಳ ಮಂಗಳಾರತಿಯೆಲ್ಲ ಕಣ್ಣಲ್ಲೇ ನಡೆಯಿತು. ಬೀದಿಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ. 1995ರಲ್ಲಿ ಸುರಂಗ ರೈಲಿನಲ್ಲಿ ವಿಷಾನಿಲ ದಾಳಿಯಾದ ಮೇಲೆ ಎಷ್ಟೋ ಡಬ್ಬಿಗಳನ್ನು ತೆಗೆದುಹಾಕಿದರು. ಹಾಗಾಗಿ ಖಾಲಿ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಒದ್ದೆ ಟಿಶ್ಯೂ ಎಲ್ಲಕ್ಕೂ ನನ್ನ ಜೇಬೇ ಗತಿ.

ಕ್ಯೋಟೊದಲ್ಲಿ ನೂಡಲ್ಸನ್ನು ಸೊರ್ರನೆ ಎಳೆದು ತಿನ್ನುವುದು ತಪ್ಪಲ್ಲವೆಂದು ಕಂಡಾಗ ಜನ್ಮ ಪಾವನವಾಯಿತು. ಮನೆಯಲ್ಲಿ ಸಾರು ಸುರಿದರೆ "ಸದ್ದು ಮಾಡ್ಬೇಡ್ರೀ" ಎನ್ನುವವಳು ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಮಾಣಿಗೆ ಇಟ್ಟ ಟಿಪ್ಸನ್ನು ಅವನು ಓಡಿಬಂದು ಹಿಂತಿರುಗಿಸಿದ. ಅದು ನೆಟ್ಟಗೆ ಅವಳ ಪರ್ಸು ಸೇರಿತು. ಬಿಸಿನೀರ ಬುಗ್ಗೆಯ ಸ್ನಾನಗೃಹಗಳಲ್ಲಂತೂ ಸಾಮಾನ್ಯವಾಗಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಗಂಡಂದಿರೇ, ದುಡ್ಡು ಕೂಡಿಡಿ, ಒಮ್ಮೆ ಹೋಗಿಬನ್ನಿ.