ಶ್ರೀಮಾನ್ ಹೊಗೆಯವರ ಸನ್ನಿಧಿಗೆ

ಮಹಾರಾಜಶ್ರೀ ಹೊಗೆಯವರಿಗೆ, ಸಾಗರ ತಾಲ್ಲೂಕಿನ ಅಡಿಕೆ ತೋಟದಂಚಿನ ಹೆಂಚಿನ ಮನೆಯಿಂದ ಒಬ್ಬ ನಿವೃತ್ತ ಟೀಚರಮ್ಮ ಮಾಡುವ ವಿಜ್ಞಾಪನೆ.

ಉಭಯ ಕುಶಲೋಪರಿ ಸಾಂಪ್ರತ ಎಂದು ಶುರುಮಾಡುವುದು ರೂಢಿ. ತಮ್ಮ ವಿಷಯದಲ್ಲಿ ಆ ‘ಉಭಯ’ ಕೂಡಿಬರುವುದಿಲ್ಲ. ತಾವು ಕುಶಲವಾಗಿದ್ದ ದಿನ ನಾನು ಕೆಮ್ಮುತ್ತಿರುತ್ತೇನೆ. ನಾನು ಕುಶಲವಾಗಿರುವ ಮಳೆಗಾಲದಲ್ಲಿ ಕಾಡಿನ ಕಡೆ ತಮ್ಮ ಸುಳಿವೇ ಇರುವುದಿಲ್ಲ. ಆದ್ದರಿಂದ ಕುಶಲದ ಮಾತು ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಸೊಪ್ಪಿನ ಬೆಟ್ಟದಾಚೆ ತಾವು ಎದ್ದಿರಿ. ಮೊದಲು ಜನಿವಾರದಷ್ಟು ತೆಳ್ಳಗೆ, ಆಮೇಲೆ ಒಣಹಾಕಿದ ಪಂಚೆಯಷ್ಟು ಅಗಲಕ್ಕೆ. ಪಕ್ಕದ ಮನೆಯ ಭಾವ ಅಂಗಳದಲ್ಲೇ ನಿಂತು ನೋಡಿ, “ಯಾರೋ ಬೇಣಕ್ಕೆ ಬೆಂಕಿ ಕೊಟ್ಟಿದಾರೆ ಮಾರಾಯ್ತಿ, ಹೊಸ ಹುಲ್ಲು ಬರಲಿ ಅಂತ” ಎಂದು ಕವಳ ತುಪ್ಪಿ ಒಳಗೆ ಹೋದರು. ಅವರ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ನಾನು ಮಾತ್ರ ನಮ್ಮ ಏಳು ತಲೆಮಾರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಫೋನು ತೆಗೆದು ತಮ್ಮ ಅಂಕಿ, ಅಂದರೆ ಗಾಳಿಯ ಗುಣಮಟ್ಟ ಹೇಳುವ ಎಕ್ಯೂಐ, ಎಷ್ಟು ಎಂದು ಕೇಳಿದೆ. ಅದು ಶಿವಮೊಗ್ಗದ ಅಂಕಿ ತೋರಿಸಿತು. ಶಿವಮೊಗ್ಗ ಇಲ್ಲಿಂದ ಎಪ್ಪತ್ತು ಕಿಲೋಮೀಟರ್. ನೆರೆಮನೆಯವಳ ಜ್ವರ ನೋಡಿ ನನಗೆ ಮಾತ್ರೆ ಬರೆದುಕೊಟ್ಟ ಹಾಗಾಯಿತು.

ಈ ಅಂಕಿ ಕೇಳುವ ದುರಭ್ಯಾಸ ಅಂಟಿದ್ದು ಅಮೆರಿಕದಲ್ಲಿ, ಅದೂ ತಮ್ಮಿಂದಲೇ. ತಮಗೆ ನೆನಪಿರಬೇಕು, 2023ರ ಜೂನ್ ಮೊದಲ ವಾರ. ಸೊಸೆಯ ಎರಡನೇ ಬಾಣಂತನಕ್ಕೆಂದು ನಾನು ನ್ಯೂಜೆರ್ಸಿಯಲ್ಲಿದ್ದೆ. ಅಲ್ಲಿಗೆ ಹೋಗಲು ನಾನು ಚೆನ್ನೈವರೆಗೆ ಪ್ರಯಾಣ ಮಾಡಿ, ಬೆರಳಚ್ಚು ಕೊಟ್ಟು, ಗಾಜಿನಾಚೆಯ ಹುಡುಗನಿಗೆ ‘ವಾಪಸು ಬರುತ್ತೇನೆ, ತೋಟ ಇದೆ’ ಎಂದು ಆಣೆ ಮಾಡಬೇಕಾಯಿತು. ತಾವು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಾಡಿನಲ್ಲಿ ಹುಟ್ಟಿ, ಗಾಳಿಯ ಬೆನ್ನೇರಿ, ನೂರಾರು ಮೈಲಿ ದಕ್ಷಿಣಕ್ಕೆ ಬಂದು, ಯಾರ ಸಂದರ್ಶನವೂ ಇಲ್ಲದೆ ನ್ಯೂಯಾರ್ಕಿನ ಮೇಲೆ ಚಾಪೆ ಹಾಸಿದಿರಿ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸಿದವಳು ನಾನು. ಬೆಂಕಿ ಒಂದು ದೇಶದಲ್ಲಿ, ಹೊಗೆ ಇನ್ನೊಂದು ದೇಶದಲ್ಲಿ ಇರಬಹುದು ಎಂದು ಒಬ್ಬ ಹುಡುಗನೂ ಬರೆದಿರಲಿಲ್ಲ. ಬರೆದಿದ್ದರೆ ಅಂಕ ಕಳೆಯುತ್ತಿದ್ದೆ.

ಏಳನೇ ತಾರೀಕು ಮಧ್ಯಾಹ್ನ ಆಕಾಶ ಕೇಸರಿಬಾತಿನ ಬಣ್ಣಕ್ಕೆ ತಿರುಗಿತು. ತಮ್ಮ ಸಣ್ಣ ಕಣಗಳು ಬೆಳಕಿನ ನೀಲಿಯನ್ನು ಚದುರಿಸಿ ಕೆಂಪು, ಹಳದಿಯನ್ನಷ್ಟೇ ಕೆಳಗೆ ಬಿಡುತ್ತವೆಂದು ಮಗ ವಿವರಿಸಿದ. ನಾನು ಮಾತ್ರ ಗ್ರಹಣದ ನೆನಪಾಗಿ ದರ್ಭೆ ಎಲ್ಲಿದೆ ಎಂದು ಹುಡುಕಿದೆ. ನ್ಯೂಯಾರ್ಕಿನ ಎಕ್ಯೂಐ ಆ ದಿನ 400 ದಾಟಿತು. ಐವತ್ತರೊಳಗಿದ್ದರೆ ಒಳ್ಳೆಯ ಗಾಳಿ ಎನ್ನುವ ಲೆಕ್ಕ ಅದು. ಬೇಸ್‌ಬಾಲ್ ಆಟ ಮುಂದಕ್ಕೆ ಹೋಯಿತು, ಬ್ರಾಡ್‌ವೇಯ ನಾಟಕ ನಿಂತಿತು, ವಿಮಾನಗಳು ತಡವಾದವು. ಹತ್ತು ಲಕ್ಷ ಎನ್95 ಮಾಸ್ಕು ಹಂಚುತ್ತೇವೆ ಎಂದು ರಾಜ್ಯಪಾಲರು ಟೀವಿಯಲ್ಲಿ ಬಂದು ಹೇಳಿದರು. ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿ ಇದ್ದಹಾಗೆ. ಎಂಥ ಸ್ವಾಗತ ನೋಡಿ ತಮಗೆ! ನಮ್ಮ ಕಡೆ ಮಂತ್ರಿ ಬಂದರೂ ಇಷ್ಟು ಜನ ರಸ್ತೆ ಖಾಲಿ ಮಾಡುವುದಿಲ್ಲ.

ಮನೆಯೊಳಗೆ ಸೊಸೆಯ ಆಡಳಿತ ಜಾರಿಗೆ ಬಂತು. ಹಸುಗೂಸು, ಐದು ವರ್ಷದ ಮೊಮ್ಮಗಳು, ಅರವತ್ತೆಂಟರ ನಾನು. ಹೊಗೆ ಮೊದಲು ಹುಡುಕುವುದು ಇಂಥವರನ್ನೇ, ಜೊತೆಗೆ ಬಸುರಿಯರು, ದಮ್ಮು ಮತ್ತು ಹೃದಯದ ಕಾಯಿಲೆ ಇರುವವರನ್ನು. ಕಿಟಕಿ ಬಂದ್. ಎಸಿ ಹೊರಗಿನ ಗಾಳಿ ಎಳೆಯಬಾರದು, ಒಳಗಿನದ್ದನ್ನೇ ತಿರುಗಿಸಬೇಕು. ಕಾರಿನಲ್ಲೂ ಹಾಗೇ. ಮಲಗುವ ಒಂದು ಕೋಣೆಯನ್ನಾದರೂ ಮಡಿಯಾಗಿ ಇಡಬೇಕು ಎಂದಳು, ಬೇರೆ ಮಾತಿನಲ್ಲಿ. ಮಡಿ ಎಂದರೆ ನನಗೆ ಪಾಠ ಬೇಕಿಲ್ಲ. ಆದರೆ ಮರುಕ್ಷಣವೇ, “ಅತ್ತೆ, ಇವತ್ತು ಅಗರಬತ್ತಿ ಹಚ್ಚಬೇಡಿ” ಎಂದಳು. ಮೈಸೂರಿನಿಂದ ಹೊತ್ತು ತಂದ ಅಗರಬತ್ತಿ! “ಬಜ್ಜಿಗಿಜ್ಜಿ ಕರಿಯೋದೂ ಬೇಡ ಅಮ್ಮ, ಒಗ್ಗರಣೆನೂ ಎರಡು ದಿನ ಬಿಟ್ಟುಬಿಡು” ಎಂದ ಮಗ. ಹೊರಗಿನ ಹೊಗೆಯನ್ನು ತಡೆದು ಒಳಗೆ ನಾವೇ ಹೊಗೆ ಮಾಡಿಕೊಂಡರೆ ಬಾಗಿಲು ಮುಚ್ಚಿದ ಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಸಿಟ್ಟು ಬಂದದ್ದು. ಪ್ರತಿದಿನ ಸಾಸಿವೆ ಸಿಡಿದ ಕೂಡಲೇ ಊರೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿದ್ದ ಚಾವಣಿಯ ಅಲಾರಮ್ಮು, ಇಡೀ ಆಕಾಶವೇ ಹೊಗೆಯಾದ ದಿನ ತುಟಿಪಿಟಕ್ಕೆನ್ನಲಿಲ್ಲ. ದೊಡ್ಡವರ ಎದುರು ಅದೂ ಸುಮ್ಮನಿರುತ್ತದೆ ಎಂದು ತಿಳಿದುಕೊಂಡೆ.

ಮಗ ಒಂದು ಪೆಟ್ಟಿಗೆ ಮಾಡಿದ. ನಾಲ್ಕು ಕಡೆ ನಾಲ್ಕು ಫಿಲ್ಟರು, ಕೆಳಗೆ ರಟ್ಟು, ಮೇಲೆ ಚೌಕದ ಫ್ಯಾನು, ಸಂದಿಗೆಲ್ಲ ಟೇಪು. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಿಚರ್ಡ್ ಕೊರ್ಸಿ ಮತ್ತು ಜಿಮ್ ರೋಸೆಂತಾಲ್ ಎಂಬಿಬ್ಬರು ಹುಟ್ಟುಹಾಕಿದ್ದಂತೆ. ನೋಡಲು ಥೇಟ್ ಗಣಪತಿ ಮಂಟಪ, ದೇವರೊಂದು ಕಮ್ಮಿ. ಸುತ್ತಲಿನ ಗಾಳಿಯನ್ನು ಫಿಲ್ಟರಿನ ಮೂಲಕ ಎಳೆದು ಮೇಲಕ್ಕೆ ಬಿಡುತ್ತದೆ. ಅಂಗಡಿಯ ಏರ್ ಪ್ಯೂರಿಫೈಯರಿನ ಬೆಲೆ ಕೇಳಿ ಬೆಚ್ಚಿದವರಿಗೆ ಇದು ಬಡವರ ಬಂಧು. ಮೂರು ದಿನ ಕಳೆದು ಬಿಚ್ಚಿದಾಗ ಬಿಳಿ ಫಿಲ್ಟರು ಮಸಿ ಅರಿವೆಯ ಬಣ್ಣಕ್ಕೆ ಬಂದಿತ್ತು. ಅದು ನಮ್ಮ ಎದೆಗೂಡಿಗೆ ಹೋಗಬೇಕಾಗಿದ್ದ ಬಾಬತ್ತು.

ನಾನು ಹಾಲು ತರಲು ಹೊರಟಾಗ ಸೆರಗನ್ನು ಮೂಗಿಗೆ ಸುತ್ತಿಕೊಂಡೆ. ಐದು ವರ್ಷದ ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತು, “ಅಜ್ಜಿ, ಸೀರೆಯಲ್ಲಿ ತೂತು ಇದೆ” ಎಂದಳು. ಹದಿನೆಂಟು ಸಾವಿರದ ರೇಷ್ಮೆ ಸೀರೆ, ತೂತಂತೆ! ಆದರೆ ಅವಳ ಮಾತು ನಿಜ. ತಮ್ಮ ಆ ಕುಖ್ಯಾತ ಪಿಎಂ 2.5 ಕಣ ನಮ್ಮ ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗ. ಮೂಗಿನ ಕೂದಲು, ಗಂಟಲ ಕಫ ಎಂಬೆರಡು ಚೆಕ್‌ಪೋಸ್ಟುಗಳನ್ನು ಸಲೀಸಾಗಿ ದಾಟಿ ಶ್ವಾಸಕೋಶದ ತಳ ಮುಟ್ಟಿ, ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಅದಕ್ಕೆ ಸೆರಗು, ಕರ್ಚೀಫು, ಒದ್ದೆ ಟವೆಲ್ಲು ಯಾವುದೂ ಲೆಕ್ಕಕ್ಕಿಲ್ಲ. ಮುಖಕ್ಕೆ ಅಂಟಿ ಕೂತ ಎನ್95ನಂಥ ಮಾಸ್ಕು ಮಾತ್ರ ತಡೆಯುತ್ತದೆ. ಮೂಗಿನ ಕೆಳಗೆ ತೊಟ್ಟರೆ ಅದೂ ಗಡ್ಡದ ಚೀಲವೇ.

ಇಲ್ಲಿಯವರೆಗೆ ತಮ್ಮ ಮೆರವಣಿಗೆ. ಇನ್ನು ನನ್ನ ತಕರಾರು.

ನನ್ನ ಅಮ್ಮ ನಲವತ್ತಾರು ವರ್ಷ ತಮ್ಮ ಜೊತೆ ಸಂಸಾರ ಮಾಡಿದಳು. ಬೆಳಗಿನ ಜಾವ ಬಚ್ಚಲ ಹಂಡೆಯ ಒಲೆ, ಆಮೇಲೆ ಅಡುಗೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ಮಳೆಗಾಲದಲ್ಲಿ ಸೌದೆ ಹಸಿ. ಊದುಗೊಳವೆ ಹಿಡಿದು ಊದಿ ಊದಿ ಅವಳ ಕಣ್ಣು ಯಾವಾಗಲೂ ಈಗಷ್ಟೇ ಅತ್ತವಳ ಕಣ್ಣಿನ ಹಾಗಿರುತ್ತಿತ್ತು. ಅಟ್ಟದಿಂದ ಇಲ್ಲಣ ಜೋತಾಡುತ್ತಿತ್ತು. ನ್ಯಾಯವಾಗಿ ಹೇಳಬೇಕೆಂದರೆ ತಾವು ಉಪಕಾರವನ್ನೂ ಮಾಡಿದ್ದೀರಿ. ತಮ್ಮ ದಯೆಯಿಂದ ಮಾಡಿನ ಪಕಾಸಿಗೆ ಹುಳ ಹಿಡಿಯಲಿಲ್ಲ, ಅಟ್ಟದ ಮೇಲಿನ ಬೀಜ ಮುಗ್ಗಲಿಲ್ಲ. ಮರವನ್ನೂ ಬೀಜವನ್ನೂ ಉಳಿಸಿದಿರಿ, ಸರಿ. ಅಮ್ಮ ಕೊನೆಯ ಹತ್ತು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವಳಿಗೆ ಬೀಡಿಯ ವಾಸನೆಯೂ ಆಗುತ್ತಿರಲಿಲ್ಲ, ಆದರೂ ಡಾಕ್ಟರು ಮೊದಲು ಕೇಳಿದ್ದು “ಬೀಡಿ ಸೇದ್ತೀರಾ?” ಎಂದು.

ಅವಳ ಅಡುಗೆಮನೆಗೆ ಯಾವ ರಾಜ್ಯಪಾಲರೂ ಮಾಸ್ಕು ಕಳಿಸಲಿಲ್ಲ. ಆಟ ನಿಲ್ಲಲಿಲ್ಲ, ನಾಟಕ ನಿಲ್ಲಲಿಲ್ಲ, ಊಟವಂತೂ ಒಂದು ಹೊತ್ತೂ ನಿಲ್ಲಲಿಲ್ಲ. ಸೌದೆ, ಬೆರಣಿ, ಸೀಮೆಎಣ್ಣೆಯ ಒಲೆಗಳ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡುತ್ತದೆ. ಆದರೆ ಆ ಹೊಗೆಗೆ ಕೇಸರಿ ಆಕಾಶ ಇಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ತಮ್ಮನ್ನು ಚಿಮಣಿಯ ಮೂಲಕ ಮರ್ಯಾದೆಯಾಗಿ ಹೊರಗೆ ಕಳಿಸುವ ಮೂರು ಗುಂಡಿಯ ಒಲೆ ಮಾಡಿತು. ಅಸ್ತ್ರ ಒಲೆ ನಮ್ಮ ಮನೆಗೂ ಬಂತು. ಅಮ್ಮ ಅದನ್ನು ದೃಷ್ಟಿ ಬೊಟ್ಟಿಟ್ಟು ನೋಡಿಕೊಂಡಳು. ಆ ಹೊತ್ತಿಗಾಗಲೇ ತಾವು ಅವಳೊಳಗೆ ಕಾಯಂ ವಾಸ್ತವ್ಯ ಹೂಡಿದ್ದಿರಿ.

ಅಂಕಿ ಸಿಕ್ಕಿದರೂ ನಮಗೆ ನ್ಯಾಯ ಸಿಗುತ್ತದೆಂದು ತಿಳಿಯಬೇಡಿ. ಇದನ್ನು ಗಾದೆಯ ಜೊತೆ ಲೆಕ್ಕವನ್ನೂ ಕಲಿಸಿದ ಟೀಚರಾಗಿ ಹೇಳುತ್ತಿದ್ದೇನೆ. ದಿನದ ಸರಾಸರಿ, ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಕಣ 60 ಮೈಕ್ರೋಗ್ರಾಂ ಇದೆ ಎಂದಿಟ್ಟುಕೊಳ್ಳಿ. ಭಾರತದ ಕೋಷ್ಟಕದಲ್ಲಿ ಅದು ಎಕ್ಯೂಐ 100, ‘ಸಮಾಧಾನಕರ’. ಅದೇ ಗಾಳಿಯನ್ನು ಡಬ್ಬಿಯಲ್ಲಿ ತುಂಬಿ ನ್ಯೂಜೆರ್ಸಿಗೆ ಒಯ್ದರೆ ಎಕ್ಯೂಐ 150 ದಾಟಿ ಕೆಂಪು ಬಣ್ಣ, ‘ಅನಾರೋಗ್ಯಕರ’. ಮೊಮ್ಮಗಳನ್ನು ಶಾಲೆಯ ಮೈದಾನಕ್ಕೆ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ದಿನದ ಮಿತಿಯೋ ಕೇವಲ 15. ಅಲ್ಲಿ ವಿಮಾನ ಹತ್ತಿ ಇಲ್ಲಿ ಇಳಿಯುವಷ್ಟರಲ್ಲಿ ನನ್ನ ಶ್ವಾಸಕೋಶ ಅಷ್ಟೊಂದು ಗಟ್ಟಿಯಾಗುತ್ತದೆಂದು ನನಗೇ ಗೊತ್ತಿರಲಿಲ್ಲ. ಪಾಸು ಮಾಡುವ ಅಂಕವನ್ನೇ ಇಳಿಸಿ ನೂರಕ್ಕೆ ನೂರು ಫಲಿತಾಂಶ ತೋರಿಸುವ ಶಾಲೆಗಳನ್ನು ನಾನು ಕಂಡಿದ್ದೇನೆ. ಈ ವಿದ್ಯೆ ಹಳೆಯದು.

ತಮ್ಮ ಅಣ್ಣ ಬೆಂಕಿಗೆ ಇರುವ ಮರ್ಯಾದೆ ತಮಗೆ ಇಲ್ಲಿ ಇಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಸಾವಿರಾರು ಎಕರೆ ಸುಟ್ಟಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳೇ ಬಂದು ನೀರು ಸುರಿದವು. ಟೀವಿಯ ಮುಂದೆ ಕೂತ ನನಗೆ ಬೆಂಕಿ ಕಂಡಿತು, ಬೂದಿ ಕಂಡಿತು. ಅಂಚಿನ ಹಳ್ಳಿಯವರು ಏನು ಉಸಿರಾಡುತ್ತಿದ್ದಾರೆ ಎಂಬ ಪ್ರಶ್ನೆ ನಾನು ನೋಡಿದ ಹೊತ್ತಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನ್ನ ತಲೆಗೂ ಬರಲಿಲ್ಲ ಅನ್ನಿ. ಕೆನಡಾದಲ್ಲಿ 2023ರ ಒಂದೇ ಬೇಸಿಗೆಯಲ್ಲಿ ಸುಟ್ಟದ್ದು ಒಂದೂವರೆ ಕೋಟಿ ಹೆಕ್ಟೇರ್ ಕಾಡು. ಇಡೀ ಕರ್ನಾಟಕವೇ 1.92 ಕೋಟಿ ಹೆಕ್ಟೇರ್. ಅದರ ಮುಂದೆ ನಮ್ಮ ಬೇಣದ ಬೆಂಕಿ ಊದಿನಕಡ್ಡಿ. ಆದರೆ ಊದಿನಕಡ್ಡಿ ಮೂಗಿನ ಕೆಳಗೇ ಉರಿಯುತ್ತದಲ್ಲ! ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯೆದುರು ಬೆಳಿಗ್ಗೆ ಆರಕ್ಕೆ ತರಗೆಲೆಯ ಜೊತೆ ಪ್ಲಾಸ್ಟಿಕ್ಕನ್ನೂ ಗುಡ್ಡೆ ಹಾಕಿ ಕಡ್ಡಿ ಗೀರುತ್ತಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆ ಗುಡ್ಡೆಯ ಸುತ್ತ ಮೂರು ಸುತ್ತು ವೇಗವಾಗಿ ನಡೆದು, ಆರೋಗ್ಯ ಮುಖ್ಯ ಎನ್ನುತ್ತಾ ಮನೆಗೆ ಹೋಗುವವರಲ್ಲಿ ನನ್ನ ತಂಗಿಯ ಗಂಡನೂ ಒಬ್ಬರು.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಬರುವುದಿದ್ದರೆ ನಮ್ಮ ಊರಿಗೂ ಅಂಕಿ ಹಿಡಿದುಕೊಂಡು ಬನ್ನಿ. ತಾಲ್ಲೂಕಿಗೊಂದು ಅಳೆಯುವ ಯಂತ್ರ ಇಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ಔಷಧಿಯ ಪಕ್ಕ ನಾಲ್ಕು ಡಬ್ಬಿ ಎನ್95 ಇಡಿಸಿ. ಅಂಗನವಾಡಿಯ ಮಕ್ಕಳನ್ನು ಅಂಥ ದಿನ ಅಂಗಳಕ್ಕೆ ಬಿಡಬೇಡಿ ಎಂದು ಒಂದು ಸುತ್ತೋಲೆ ಹೊರಡಿಸಿ. ಅಧಿಕಾರಿಗಳಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ತಾವಾದರೆ ನೇರವಾಗಿ ಅವರ ಎದೆಗೇ ಇಳಿಯಬಲ್ಲಿರಿ.

ಇತಿ ತಮ್ಮ ಹಳೆಯ ಪರಿಚಯದ,
ಟೀಚರಮ್ಮ

ತಾ.ಕ.: ನಿನ್ನೆ ರಾತ್ರಿ ಅಮೆರಿಕದ ಪಾಠದಂತೆ ಕಿಟಕಿಗಳನ್ನೆಲ್ಲ ಮುಚ್ಚಿದೆ. ಆಮೇಲೆ ತಲೆ ಎತ್ತಿ ನೋಡಿದರೆ ಹೆಂಚಿನ ಸಂದಿಯಿಂದ ತಾವು ಇಳಿಯುತ್ತಿದ್ದಿರಿ. ಈ ಮನೆಗೆ ಮಾಡೇ ಒಂದು ಕಿಟಕಿ. ಕೊನೆಗೆ ತಾರಸಿ ಇರುವ ಸಣ್ಣ ಕೋಣೆಗೆ ಹಾಸಿಗೆ ಎಳೆದುಕೊಂಡು, ಬಾಗಿಲ ಬುಡಕ್ಕೆ ಒದ್ದೆ ಬಟ್ಟೆ ಒತ್ತಿ ಮಲಗಿದೆ. ರಾತ್ರಿಯ ತಂಪಿಗೆ ತಾವು ಕಣಿವೆಯಲ್ಲೇ ಕೂರುತ್ತೀರಿ ಎಂದು ಗೊತ್ತಿದ್ದರಿಂದ ಬಿಸಿಲು ಏರುವವರೆಗೆ ಹಾಲಿಗೂ ಹೋಗಲಿಲ್ಲ. ಎದ್ದ ಮೇಲೆ ಪೊರಕೆ ಮುಟ್ಟದೆ ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸಿದೆ. ಪಕ್ಕದ ಮನೆಯ ಭಾವ ರಾತ್ರಿಯಿಡೀ ಕೆಮ್ಮಿದರು. ಎದೆ ಹಿಡಿದಂತಾಗುತ್ತಿದೆ ಎಂದದ್ದಕ್ಕೆ ಹುಡುಗರು ಅವರನ್ನು ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದಿದ್ದಾರೆ.

ಒಂಬತ್ತಕ್ಕೆ ಅರಣ್ಯ ಇಲಾಖೆಯ ವಾಚರು ಹುಡುಗ ಕಾಫಿಗೆ ಬಂದ. ಬೆಳಗಿನವರೆಗೂ ಹಸಿ ಸೊಪ್ಪಿನಲ್ಲಿ ಬಡಿದು ಬೆಂಕಿ ಆರಿಸಿದ್ದ, ಮೂಗಿಗೆ ಟವೆಲ್ಲು ಕಟ್ಟಿಕೊಂಡು. ನ್ಯೂಜೆರ್ಸಿಯಿಂದ ತಂದಿದ್ದ ಎರಡು ಎನ್95 ಕೊಟ್ಟೆ. ಒಂದನ್ನು ಜೇಬಿಗೆ ಹಾಕಿಕೊಂಡ. ಇನ್ನೊಂದು ಹೆಂಡತಿಗಂತೆ, ಅವಳು ಹಂಡೆ ಒಲೆ ಊದುವಾಗ ಕಟ್ಟಿಕೊಳ್ಳಲಿಕ್ಕೆ.